ಮೊದ್ಲು ಹೇರು ಇಳ್ಸಿ: ಎರಡು ಗಾಡಿ, ಒಂದೇ ಕೆಸರು

ಕಳೆದ ಮಳೆಗಾಲದ ಒಂದು ಭಾನುವಾರ. ಹಳ್ಳಿ ರಸ್ತೆಗಳ ಬಗ್ಗೆ ಬರೆಯೋಣ ಅಂತ ನಾವು ಮೂರು ಜನ ಸಕಲೇಶಪುರದ ಕಡೆ ಹೋಗಿದ್ದೆವು. ಕಾಫಿ ತೋಟದ ಬೇಲಿ ಪಕ್ಕದ ಮಣ್ಣಿನ ದಾರಿ ಅದು. ರಾತ್ರಿಯಿಡೀ ಮಳೆ ಹೊಯ್ದು ದಾರಿ ಗದ್ದೆಯಂತಾಗಿತ್ತು. ತಿರುವಿನಲ್ಲಿ ಒಂದು ದೊಡ್ಡ ಬೈಕು ಅಡ್ಡ ಬಿದ್ದಿತ್ತು. ಹಿಂದೆ ಎರಡೂ ಕಡೆ ಅಲ್ಯೂಮಿನಿಯಂ ಪೆಟ್ಟಿಗೆ, ಮೇಲೊಂದು ಪೆಟ್ಟಿಗೆ, ಅದರ ಮೇಲೆ ಸುತ್ತಿದ ಟೆಂಟು. ಪಟ್ಟಣದಿಂದ ಬಂದಿದ್ದ ಇಬ್ಬರು ಹುಡುಗರು ಅದನ್ನು ಎತ್ತಲು ಹೋಗಿ ತಾವೇ ಜಾರಿ ಬೀಳುತ್ತಿದ್ದರು. ನಾವೂ ಕೈ ಹಾಕಿದೆವು. ಗಾಡಿ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಎದುರಿನಿಂದ ಒಂದು ಟಿವಿಎಸ್ ಎಕ್ಸ್‌ಎಲ್ ಬಂತು. ಸವಾರನಿಗೆ ಅರವತ್ತು ದಾಟಿರಬೇಕು. ಮುಂದೆ ಕಾಲಿಡುವ ಜಾಗದಲ್ಲಿ ಪಶು ಆಹಾರದ ಮೂಟೆ, ಹಿಂದೆ ಎಡಬಲಕ್ಕೆ ಒಂದೊಂದು ಖಾಲಿ ಹಾಲಿನ ಕ್ಯಾನು. ಎರಡೂ ಕಾಲು ಇಳಿಬಿಟ್ಟು, ಎಕ್ಸಲೇಟರ್ ಒಂದೇ ಹದದಲ್ಲಿ ಹಿಡಿದು, ದಾರಿಯ ಅಂಚಿನ ಹುಲ್ಲು ಹಿಡಿದೇ ಬಂದರು. ನಮ್ಮ ಹತ್ತಿರ ನಿಲ್ಲಿಸಿದರು.

"ಏನ್ ಸಾರ್, ಸಿಕ್ಕಾಕ್ಕಂಡ್ರಾ?"

"ಎತ್ತೋಕೆ ಆಗ್ತಿಲ್ಲ ಯಜಮಾನ್ರೇ."

"ಹಂಗೆಲ್ಲಿ ಎದ್ದದು? ಮೊದ್ಲು ಹೇರು ಇಳ್ಸಿ. ಆಮೇಲೆ ಗಾಡಿ."

ಪೆಟ್ಟಿಗೆ ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಐದು ಜನ ಸೇರಿ ಎತ್ತಿದೆವು. ಗಾಡಿ ಎದ್ದಿತು. ಯಜಮಾನರು ಕೈಯ ಕೆಸರನ್ನು ಪಂಚೆಗೆ ಒರೆಸಿಕೊಂಡು ಹೋದರು. ಅವರ ಆ ಒಂದು ಮಾತು ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು. ಹೇರು ಹೊತ್ತ ಬೈಕಿನಲ್ಲಿ ಕೆಸರು ದಾಟುವ ವಿದ್ಯೆಗೂ ಒಂದು ಇತಿಹಾಸ ಇದೆಯಲ್ಲವೇ ಅಂತ ಹುಡುಕಲು ಹೊರಟೆವು. ಹುಡುಕಿದಾಗ ಸಿಕ್ಕ ಕಥೆ ಇದು.

ಬೈಕಿಗೂ ಮುಂಚೆ ಹೇರೆತ್ತು

ಕೆಸರಿನಲ್ಲಿ ಹೊರೆ ಸಾಗಿಸುವ ಕಷ್ಟ ಬೈಕಿನ ಜೊತೆ ಬಂದದ್ದಲ್ಲ. ಘಟ್ಟದ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತಿದ್ದದ್ದು, ಮೇಲಿನ ದವಸ ಕೆಳಕ್ಕೆ ಇಳಿಯುತ್ತಿದ್ದದ್ದು ಹೇರೆತ್ತುಗಳ ಬೆನ್ನ ಮೇಲೆ. ಗಾಡಿ ಹೋಗದ ದಾರಿಯಲ್ಲಿ ಎತ್ತು ಹೋಗುತ್ತಿತ್ತು. ಈ ಕಸುಬಿನಲ್ಲಿ ಲಂಬಾಣಿಗರು ಪಳಗಿದವರು. ಮೈಸೂರು ಯುದ್ಧಗಳ ಕಾಲದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯಕ್ಕೂ ದವಸ ತಲುಪಿದ್ದು ಇಂಥ ಹೇರೆತ್ತುಗಳ ಸಾಲಿನಿಂದಲೇ.

ಎತ್ತಿನ ಬೆನ್ನ ಮೇಲೆ ಹಾಕುವ ಜೋಡಿ ಚೀಲಕ್ಕೆ ಹಸುಬೆ ಅನ್ನುತ್ತಾರೆ. ಒಂದು ಕಡೆ ಇಳಿಬಿದ್ದಷ್ಟೇ ತೂಕ ಇನ್ನೊಂದು ಕಡೆಯೂ ಇಳಿಬೀಳಬೇಕು. ಒಂದು ಕಡೆ ಜಾಸ್ತಿಯಾದರೆ ಎತ್ತು ವಾಲುತ್ತದೆ, ಬೆನ್ನು ಹುಣ್ಣಾಗುತ್ತದೆ, ಜಾರುವ ದಾರಿಯಲ್ಲಿ ಕಾಲು ತಪ್ಪುತ್ತದೆ. ಇಂದು ಸಾವಿರಾರು ರೂಪಾಯಿಗೆ ಮಾರುವ ಬೈಕಿನ ಪಕ್ಕದ ಚೀಲಕ್ಕೂ ಇದೇ ನಿಯಮ. ಎರಡೂ ಕಡೆ ಸಮ ಇರಬೇಕು, ತೂಕ ಆದಷ್ಟು ಕೆಳಗಿರಬೇಕು.

ಯುದ್ಧದ ಕೆಸರು ಕಲಿಸಿದ ಪಾಠ

ಬೈಕನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೆಸರಿಗೆ ಇಳಿಸಿದ್ದು ಸೈನ್ಯಗಳು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಸಂದೇಶ ಒಯ್ಯುವವರು ಟ್ರಯಂಫ್ ಮಾಡೆಲ್ ಎಚ್ ಎಂಬ 550 ಸಿಸಿ ಬೈಕು ಓಡಿಸಿದರು. ನಂಬಿಕಸ್ತ ಗಾಡಿ ಅಂತ ಅದಕ್ಕೆ ಹೆಸರು ಬಿದ್ದಿತ್ತು.

ಎರಡನೇ ಮಹಾಯುದ್ಧದ ಹೊತ್ತಿಗೆ ಗಾಡಿಗಳು ದೊಡ್ಡದಾದವು. ಜರ್ಮನಿಯ ಬಿಎಂಡಬ್ಲ್ಯು ಆರ್75 ನೋಡಿ. 750 ಸಿಸಿ ಇಂಜಿನ್, ಪಕ್ಕಕ್ಕೊಂದು ಸೈಡ್‌ಕಾರ್, ಆ ಸೈಡ್‌ಕಾರಿನ ಚಕ್ರಕ್ಕೂ ಇಂಜಿನ್ನಿನ ಶಕ್ತಿ, ಮೇಲೆ ರಿವರ್ಸ್ ಗೇರ್. ಖಾಲಿ ಇದ್ದಾಗಲೇ ಸುಮಾರು 420 ಕಿಲೋ. ಅದರ ಮೇಲೆ ಮೂವರು ಸೈನಿಕರು, ಮೆಷಿನ್ ಗನ್ನು, ಗುಂಡು. ಕಾಗದದ ಮೇಲೆ ಅದಕ್ಕೆ ಎದುರಿಲ್ಲ ಅನ್ನಿಸುತ್ತಿತ್ತು.

1941ರ ಶರತ್ಕಾಲದಲ್ಲಿ ಜರ್ಮನ್ ಸೈನ್ಯ ರಷ್ಯಾದ ಒಳಗೆ ನುಗ್ಗಿದಾಗ ಮಳೆ ಹಿಡಿಯಿತು. ಅಲ್ಲಿ ವರ್ಷಕ್ಕೆರಡು ಸಲ, ಶರತ್ಕಾಲದ ಮಳೆಗೆ ಒಮ್ಮೆ, ವಸಂತದಲ್ಲಿ ಹಿಮ ಕರಗಿದಾಗ ಇನ್ನೊಮ್ಮೆ, ಮಣ್ಣಿನ ರಸ್ತೆಗಳು ರಸ್ತೆಗಳಾಗಿ ಉಳಿಯುವುದೇ ಇಲ್ಲ. ಅದಕ್ಕೆ ರಷ್ಯನ್ನರು ರಸ್ಪುತಿತ್ಸ ಅನ್ನುತ್ತಾರೆ. ಆ ಕೆಸರಿನಲ್ಲಿ ಲಾರಿಗಳ ಜೊತೆ ಬೈಕುಗಳೂ ಹೂತುಹೋದವು. ಚಕ್ರ ಮತ್ತು ಮಡ್‌ಗಾರ್ಡ್ ನಡುವೆ ಮಣ್ಣು ಗಟ್ಟಿಯಾಗಿ ತುಂಬಿಕೊಂಡು ಚಕ್ರವೇ ತಿರುಗದಂತಾಗುತ್ತಿತ್ತು. ಎರೆಭೂಮಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೋಲು ತಗೊಂಡು ಮಡ್‌ಗಾರ್ಡಿನೊಳಗಿನ ಮಣ್ಣು ಕೆದರಿದವರು ನೀವು.

ಅದೇ ಯುದ್ಧದಲ್ಲಿ ಬ್ರಿಟಿಷರು ಇನ್ನೊಂದು ಗಾಡಿ ಬಳಸಿದರು. ರಾಯಲ್ ಎನ್‌ಫೀಲ್ಡ್ ಕಂಪನಿಯ 125 ಸಿಸಿ ಪುಟ್ಟ ಬೈಕು, ಅಡ್ಡಹೆಸರು ಫ್ಲೈಯಿಂಗ್ ಫ್ಲೀ, ಅಂದರೆ ಹಾರುವ ಚಿಗಟ. ತೂಕ ಅರವತ್ತು ಕಿಲೋದ ಆಸುಪಾಸು. ಕಬ್ಬಿಣದ ಚೌಕಟ್ಟಿನಲ್ಲಿಟ್ಟು ಪ್ಯಾರಾಚೂಟಿನಲ್ಲಿ ವಿಮಾನದಿಂದ ಇಳಿಸುತ್ತಿದ್ದರು. ಬೇಲಿ ಅಡ್ಡ ಬಂದರೆ ಸೈನಿಕರು ಅದನ್ನು ಎತ್ತಿ ಆಚೆ ಇಟ್ಟು ಮುಂದೆ ಹೋಗಬಹುದಿತ್ತು. ಆರ್75ರ ಶಕ್ತಿಯ ಮುಂದೆ ಇದು ಏನೂ ಅಲ್ಲ. ಆದರೆ ಹೂತಾಗ ಎತ್ತಬಹುದಾದ ಗಾಡಿ ಇದು. ಈ ಎರಡು ದಾರಿ ಅಲ್ಲಿಂದ ಇಲ್ಲಿವರೆಗೂ ಹಾಗೇ ಬಂದಿವೆ.

1980: ಒಂದೇ ವರ್ಷ, ಎರಡು ಗಾಡಿ

ಈಗ ನಮ್ಮ ಕಥೆಯ ನಡುಮನೆಗೆ ಬಂದೆವು.

1980ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅವಿನ್ಯೋನ್ ಪಟ್ಟಣದಲ್ಲಿ ಬಿಎಂಡಬ್ಲ್ಯು ಒಂದು ಹೊಸ ಬೈಕನ್ನು ಜಗತ್ತಿಗೆ ತೋರಿಸಿತು. ಹೆಸರು ಆರ್80 ಜಿ/ಎಸ್. ಜರ್ಮನ್ ಭಾಷೆಯಲ್ಲಿ ಜಿ ಅಂದರೆ ಕಾಡುಮೇಡು, ಎಸ್ ಅಂದರೆ ರಸ್ತೆ. ಎರಡರಲ್ಲೂ ಓಡುವ ಗಾಡಿ ಎಂಬ ಅರ್ಥ. ಸುಮಾರು 800 ಸಿಸಿ, 50 ಅಶ್ವಶಕ್ತಿ, ಪೆಟ್ರೋಲು ತುಂಬಿದರೆ 186 ಕಿಲೋ. ಆಗ ಕಾಡುದಾರಿಗೆ ಅಂತ ಇಷ್ಟು ದೊಡ್ಡ ಇಂಜಿನ್ನಿನ ಬೈಕು ಮಾರುವವರು ಯಾರೂ ಇರಲಿಲ್ಲ. ಇಂದು ಅಡ್ವೆಂಚರ್ ಬೈಕು ಅಂತ ನಾವು ಕರೆಯುವ ಗಾಡಿಗಳ ಮನೆತನ ಶುರುವಾಗಿದ್ದು ಹೆಚ್ಚುಕಮ್ಮಿ ಅಲ್ಲಿಂದ.

ಅದೇ 1980ರಲ್ಲಿ ನಮ್ಮ ಆನೇಕಲ್ ಗಡಿಯ ಪಕ್ಕದ ಹೊಸೂರಿನಿಂದ ಇನ್ನೊಂದು ಗಾಡಿ ಹೊರಬಂತು. ಟಿವಿಎಸ್ 50. ಇಬ್ಬರು ಕೂರಬಹುದಾದ ಭಾರತದ ಮೊದಲ ಮೊಪೆಡ್. ಪೆಟ್ರೋಲು ಮುಗಿದರೆ ಸೈಕಲ್ಲಿನಂತೆ ಪೆಡಲ್ ತುಳಿಯಬಹುದು. ಕಾಲಲ್ಲಿ ಒದ್ದು ಹಾಕುವ ಗೇರಿಲ್ಲ, ಕೈಯಲ್ಲಿ ಹಿಡಿಯುವ ಕ್ಲಚ್ಚಿಲ್ಲ. ಇದನ್ನು ಯಾರೂ ಅಡ್ವೆಂಚರ್ ಬೈಕು ಅನ್ನಲಿಲ್ಲ, ಇಂದಿಗೂ ಅನ್ನುವುದಿಲ್ಲ.

ಎರಡೂ ಒಂದೇ ವರ್ಷ ಹುಟ್ಟಿದವು. ಎರಡೂ ಹೇರು ಹೊತ್ತು ಮಣ್ಣಿನ ದಾರಿಗೆ ಇಳಿದವು. ಒಂದಕ್ಕೆ ಪುಸ್ತಕ, ಸಿನಿಮಾ, ವಸ್ತುಸಂಗ್ರಹಾಲಯ ಸಿಕ್ಕಿತು. ಇನ್ನೊಂದು ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದೆ.

ಮರಳು ಗೆದ್ದ ಗಾಡಿ

ಜಿ/ಎಸ್‌ಗೆ ಹೆಸರು ತಂದದ್ದು ಪ್ಯಾರಿಸ್–ಡಾಕಾರ್ ರ‍್ಯಾಲಿ. ತಿಯೆರ್ರಿ ಸಬಿನ್ ಎಂಬ ಫ್ರೆಂಚ್ ಸವಾರ 1977ರಲ್ಲಿ ಒಂದು ರೇಸಿನ ನಡುವೆ ಆಫ್ರಿಕಾದ ಮರುಭೂಮಿಯಲ್ಲಿ ದಾರಿ ತಪ್ಪಿ ಸಾಯುವ ಸ್ಥಿತಿಗೆ ಬಂದು ಬದುಕಿದ. ವಾಪಸ್ ಬಂದವನೇ ಪ್ಯಾರಿಸ್ಸಿನಿಂದ ಸೆನೆಗಲ್ ದೇಶದ ಡಾಕಾರ್‌ವರೆಗೆ ಸುಮಾರು 10,000 ಕಿಲೋಮೀಟರಿನ ರ‍್ಯಾಲಿ ಕಟ್ಟಿದ. ಮೊದಲ ರ‍್ಯಾಲಿ 1978ರ ಡಿಸೆಂಬರ್ 26ರಂದು ಹೊರಟಿತು.

ಆ ಮೊದಲ ರ‍್ಯಾಲಿ ಗೆದ್ದ ಸಿರಿಲ್ ನೆವ್ಯೂ ಓಡಿಸಿದ್ದು ಯಮಹಾ ಎಕ್ಸ್‌ಟಿ500, ಒಂದೇ ಸಿಲಿಂಡರಿನ ಹಗುರ ಗಾಡಿ. 1981ರಲ್ಲಿ ಬಿಎಂಡಬ್ಲ್ಯು ಮೇಲೆ ಯೂಬೆರ್ ಒರಿಯೋಲ್ ಗೆದ್ದ, 1983ರಲ್ಲಿ ಮತ್ತೆ ಗೆದ್ದ. 1984 ಮತ್ತು 1985ರಲ್ಲಿ ಬೆಲ್ಜಿಯಂನ ಗ್ಯಾಸ್ಟನ್ ರಾಹಿಯೆ ಗೆದ್ದ. ರಾಹಿಯೆ ಕುಳ್ಳ. ನಿಂತ ಗಾಡಿಯಲ್ಲಿ ಅವನ ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಆದರೂ ದೊಡ್ಡ ಪೆಟ್ರೋಲ್ ಟ್ಯಾಂಕಿನ ಆ ಆನೆಯಂಥ ಬೈಕನ್ನು ಡಾಕಾರ್ ಮುಟ್ಟಿಸಿದ. ಬಿಎಂಡಬ್ಲ್ಯು 32 ಲೀಟರ್ ಟ್ಯಾಂಕು ಹಾಕಿ ಪ್ಯಾರಿಸ್–ಡಾಕಾರ್ ಹೆಸರಲ್ಲೇ ಬೈಕು ಮಾರಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಗ ರ‍್ಯಾಲಿಯ ಹೃದಯ ಸಹಾರಾ ಮರುಭೂಮಿಯಾಗಿತ್ತು. ಅಲ್ಲಿ ಪೆಟ್ರೋಲ್ ಬಂಕು ನೂರಾರು ಮೈಲಿ ದೂರ, ದಾರಿ ಬಯಲು, ವೇಗ ಬೇಕು. ಬಯಲಿನ ಮರಳಿನಲ್ಲಿ ವೇಗವಾಗಿ ಹೋದರೆ ಚಕ್ರ ಮೇಲೆ ತೇಲುತ್ತದೆ. ಅಲ್ಲಿಗೆ ದೊಡ್ಡ ಇಂಜಿನ್ನು, ದೊಡ್ಡ ಟ್ಯಾಂಕು ಸರಿ. ಕೆಸರಿನ ಗುಣ ಬೇರೆ. ಅದು ಟೈರಿನ ಹಲ್ಲಿನ ಸಂದಿ ತುಂಬುತ್ತದೆ, ಹಲ್ಲಿನ ಟೈರು ನುಣ್ಣಗಾಗುತ್ತದೆ. ವೇಗ ಕೊಟ್ಟರೆ ಹಿಂದಿನ ಚಕ್ರ ಅಡ್ಡಕ್ಕೆ ಹೋಗುತ್ತದೆ, ಕೊಡದಿದ್ದರೆ ನಿಂತಲ್ಲೇ ಹೂಳುತ್ತದೆ.

ಆದರೂ ಮರಳಿನಲ್ಲಿ ಗೆದ್ದ ಹೆಸರಿನ ಮೇಲೆ ಗಾಡಿಗಳು ಬೆಳೆಯುತ್ತ ಹೋದವು. 1994ರ ಆರ್1100 ಜಿಎಸ್ 240 ಕಿಲೋ ದಾಟಿತು. ಆಮೇಲೆ ಬಂದ ಆರ್1250 ಜಿಎಸ್ 249 ಕಿಲೋ, ಅದರದೇ ಅಡ್ವೆಂಚರ್ ಮಾದರಿ 268 ಕಿಲೋ. ಇದಕ್ಕೆ ಪೆಟ್ಟಿಗೆ, ಸಾಮಾನು, ಸವಾರ ಸೇರಿದರೆ ಲೆಕ್ಕ ನೀವೇ ಹಾಕಿ. ತಮಾಷೆ ಅಂದರೆ ಡಾಕಾರ್ ರ‍್ಯಾಲಿಯೇ ಅಷ್ಟರಲ್ಲಿ ದೊಡ್ಡ ಗಾಡಿಗಳನ್ನು ಕೈಬಿಟ್ಟಿತ್ತು. 2011ರಿಂದ ಅಲ್ಲಿ 450 ಸಿಸಿ ಮೀರಿದ ಬೈಕಿಗೆ ಅವಕಾಶವಿಲ್ಲ. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಡಾಕಾರ್ ಪೂರೈಸಿದ ಮೊದಲ ಭಾರತೀಯರಾದರು. ಅವರು ಓಡಿಸಿದ್ದೂ 450 ಸಿಸಿ ಗಾಡಿಯನ್ನೇ.

ಮಂಗೋಲಿಯಾದ ಜೌಗಿನಲ್ಲಿ

ಅಡ್ವೆಂಚರ್ ಬೈಕಿನ ಹುಚ್ಚನ್ನು ಮನೆಮನೆಗೆ ಮುಟ್ಟಿಸಿದ್ದು 2004ರ ಒಂದು ಪ್ರಯಾಣ. ಇವಾನ್ ಮೆಕ್‌ಗ್ರೆಗರ್ ಮತ್ತು ಚಾರ್ಲಿ ಬೂರ್ಮನ್ ಎಂಬ ಇಬ್ಬರು ನಟರು ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಸೇರಿದರು. ಗಾಡಿ ಬಿಎಂಡಬ್ಲ್ಯು ಆರ್1150 ಜಿಎಸ್ ಅಡ್ವೆಂಚರ್. ಎರಡೂ ಕಡೆ ಪೆಟ್ಟಿಗೆ, ಟೆಂಟು, ಕ್ಯಾಮೆರಾ, ಬಿಡಿಭಾಗ, ಎಲ್ಲ ಹೇರಿದ್ದರು.

ಮಂಗೋಲಿಯಾದಲ್ಲಿ ರಸ್ತೆ ಮುಗಿದು ಜೌಗು ಶುರುವಾಯಿತು. ಬಿದ್ದರು, ಎತ್ತಿದರು, ಮತ್ತೆ ಬಿದ್ದರು. ಜೊತೆಗಿದ್ದ ಕ್ಯಾಮೆರಾಮನ್‌ನ ಗಾಡಿಯ ಚಾಸಿ ಮುರಿಯಿತು. ಕೊನೆಗೆ ಆ ಗಾಡಿಯನ್ನು ಲಾರಿಗೆ ಹಾಕಿ ಕಳಿಸಿ, ಅಲ್ಲೇ ಸಿಕ್ಕ ರಷ್ಯಾದ ಇಝ್ ಪ್ಲಾನೆಟಾ ಎಂಬ ಬೈಕು ಕೊಂಡರು. ಎರಡು ಸ್ಟ್ರೋಕಿನ ಒಂಟಿ ಸಿಲಿಂಡರಿನ ಗಾಡಿ, ನಮ್ಮ ಮೈಸೂರಿನ ಯೆಜ್ದಿಗೆ ದೂರದ ನೆಂಟನ ಹಾಗೆ. ಅದೂ ಆಗಾಗ ಕೆಟ್ಟಿತು. ಆದರೆ ಜೌಗಿನಲ್ಲಿ ಅದರ ಹಗುರತನ ಎದ್ದು ಕಂಡಿತು.

ಈ ಪ್ರಯಾಣದ ಚಿತ್ರ ನೋಡಿ ಸಾವಿರಾರು ಜನ ಬೈಕು ಕೊಂಡರು. ಆದರೆ ಕೊಂಡದ್ದು ಲಾರಿ ಹತ್ತಿದ ಗಾಡಿಯ ಜಾತಿಯದ್ದನ್ನೇ.

ನಮ್ಮ ದಾರಿಯ ಇತಿಹಾಸ

ಇನ್ನು ಹೊಸೂರಿನ ಗಾಡಿಯ ಕಡೆ ಬರೋಣ. 1970ರ ದಶಕದ ಮಧ್ಯದಿಂದ ಕರ್ನಾಟಕದ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಬ್ಬಲು ಶುರುವಾದವು. ಡೇರಿ ಅಂದರೆ ದಿನಕ್ಕೆರಡು ಹೊತ್ತು ಹಾಲು. ಮಳೆ ಬಂತು ಅಂತ ಹಸು ಹಾಲು ನಿಲ್ಲಿಸುವುದಿಲ್ಲ. ಹೊತ್ತು ಮೀರಿದರೆ ಹಾಲು ಒಡೆಯುತ್ತದೆ. ತೋಟದ ಮನೆಯಿಂದ ಡೇರಿಗೆ ಮಣ್ಣಿನ ದಾರಿ. ಹಳ್ಳಿ ಹಳ್ಳಿಗೂ ಸರ್ವಋತು ರಸ್ತೆ ಮಾಡುತ್ತೇವೆ ಅಂತ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರು ಮಾಡಿದ್ದು 2000ನೇ ಇಸವಿಯ ಡಿಸೆಂಬರಿನಲ್ಲಿ. ಅಂದರೆ ಟಿವಿಎಸ್ 50 ಹುಟ್ಟಿ ಇಪ್ಪತ್ತು ವರ್ಷದ ಮೇಲೆ. ಆ ಇಪ್ಪತ್ತು ವರ್ಷದ ಕೆಸರನ್ನು ದಾಟಿಸಿದ್ದರಲ್ಲಿ ಇದಕ್ಕೂ ಪಾಲಿದೆ.

ಇದು ಕೆಸರಿಗೆ ಹೊಂದಿದ್ದು ಹೇಗೆ ಅಂತ ನೋಡಿದರೆ ಯಜಮಾನರ ಮಾತು ಮತ್ತೆ ನೆನಪಾಗುತ್ತದೆ. ಮುಂದೆ ಟ್ಯಾಂಕಿನ ಅಡ್ಡಿಯಿಲ್ಲದ ಖಾಲಿ ಜಾಗ ಇದೆ. ಮೂಟೆ ಅಲ್ಲಿ ಕೂರುತ್ತದೆ. ಹಾಗೆ ಕೂತಾಗ ತೂಕ ನೆಲಕ್ಕೆ ಹತ್ತಿರ, ಎರಡು ಚಕ್ರದ ನಡುವೆ. ದೊಡ್ಡ ಬೈಕಿನಲ್ಲಿ ಪೆಟ್ಟಿಗೆಗಳೆಲ್ಲ ಹಿಂದಿನ ಚಕ್ರದ ಮೇಲೆ, ಅದರಾಚೆಗೆ. ಹಿಂದೆ ಭಾರ ಬಿದ್ದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಮುಂದಿನ ಚಕ್ರ ಹಗುರಾದರೆ ಹ್ಯಾಂಡಲ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ, ನೇರ ಚರಂಡಿಗೆ ಹೋಗುತ್ತದೆ. ಅವತ್ತು ಆ ತಿರುವಿನಲ್ಲಿ ಆಗಿದ್ದೂ ಅದೇ.

ಹೊರೆಯ ಲೆಕ್ಕ ನೋಡಿ. ಇಂದಿನ ಎಕ್ಸ್‌ಎಲ್ 100ರ ತೂಕ 85ರಿಂದ 90 ಕಿಲೋ. ಕಂಪನಿ ಹೇಳುವ ಹೊರೆಯ ಮಿತಿ 130 ಕಿಲೋ. ತನ್ನ ತೂಕದ ಒಂದೂವರೆ ಪಟ್ಟು ಹತ್ತಿರ. ಆರ್1250 ಜಿಎಸ್ 249 ಕಿಲೋ ತೂಗಿ ಸವಾರನೂ ಸೇರಿ ಹೊರಬಹುದಾದದ್ದು 216 ಕಿಲೋ, ತನ್ನ ತೂಕಕ್ಕಿಂತ ಕಡಿಮೆ. ಹೆದ್ದಾರಿಯಲ್ಲಿ ಸಾವಿರ ಕಿಲೋಮೀಟರ್ ಓಡಲು ಎಕ್ಸ್‌ಎಲ್‌ನಿಂದ ಆಗದು, ನಿಜ. ಆದರೆ ಕೆಸರಿನಲ್ಲಿ ಮೂಟೆ ದಾಟಿಸುವ ಪರೀಕ್ಷೆಯಲ್ಲಿ ಯಾವುದು ಪಾಸು ಅನ್ನುವುದು ಸ್ಪಷ್ಟ.

ಇದು ನಮ್ಮೂರಿಗೆ ಮಾತ್ರ ಸೀಮಿತವಲ್ಲ. ಆಸ್ಟ್ರೇಲಿಯಾದಲ್ಲಿ ಅಂಚೆಯವರು ದಶಕಗಳ ಕಾಲ ಓಡಿಸಿದ್ದು ಹೋಂಡಾ ಸಿಟಿ110 ಎಂಬ ಪುಟ್ಟ ಗಾಡಿ. ಉಗಾಂಡಾ, ಕೀನ್ಯಾದ ಕೆಂಪು ಮಣ್ಣಿನ ದಾರಿಯಲ್ಲಿ ಬಾಡಿಗೆಗೆ ಓಡುವ ಬೋಡಾಬೋಡಾ ಬೈಕುಗಳಲ್ಲಿ ಬಹಳಷ್ಟು ನಮ್ಮ ದೇಶದ ಬಜಾಜ್ ಬಾಕ್ಸರ್, ಟಿವಿಎಸ್ ಗಾಡಿಗಳು. ಬಾಳೆಗೊನೆ, ಇದ್ದಿಲ ಚೀಲ, ಇಬ್ಬರು ಮೂವರು ಜನ, ಎಲ್ಲ ಅದರ ಮೇಲೇ. ಕೆಸರು ದಿನದ ಬದುಕಾದ ಕಡೆ ಜನ ಆರಿಸಿಕೊಂಡದ್ದು ಹಗುರ ಗಾಡಿಯನ್ನೇ.

ಬಡತನಕ್ಕೆ ಬಣ್ಣ ಬಳಿಯುವುದು ನಮ್ಮ ಉದ್ದೇಶವಲ್ಲ. ಮೊಪೆಡ್ ಮೇಲೆ ಮಿತಿ ಮೀರಿ ಹೇರಿ ಬಿದ್ದವರನ್ನು ನಾವೂ ನೋಡಿದ್ದೇವೆ. ಹೆಲ್ಮೆಟ್ಟಿಲ್ಲದೆ ತಲೆಗೆ ಪೆಟ್ಟಾದವರಿದ್ದಾರೆ. ಸೈಲೆನ್ಸರ್‌ಗೆ ಕಾಲು ಸುಟ್ಟುಕೊಂಡವರು ಮನೆಗೊಬ್ಬರಿದ್ದಾರೆ. ದಾರಿ ಸರಿ ಇದ್ದಿದ್ದರೆ ಇವರಿಗೆ ಈ ವಿದ್ಯೆಯೇ ಬೇಕಿರಲಿಲ್ಲ. ಆದರೆ ಆ ವಿದ್ಯೆ ಇದ್ದದ್ದು ನಿಜ, ಅದನ್ನು ಯಾರೂ ಬರೆದಿಡಲಿಲ್ಲ ಎನ್ನುವುದೂ ನಿಜ.

ಮತ್ತೆ ಹೊಸೂರಿನಲ್ಲಿ

1980ರ ಆ ಎರಡು ಗಾಡಿಗಳ ಕಥೆಗೆ ಒಂದು ತಿರುವಿದೆ. 2013ರ ಏಪ್ರಿಲಿನಲ್ಲಿ ಬಿಎಂಡಬ್ಲ್ಯು ಮತ್ತು ಟಿವಿಎಸ್ ಒಪ್ಪಂದ ಮಾಡಿಕೊಂಡವು, 500 ಸಿಸಿಗಿಂತ ಸಣ್ಣ ಬೈಕುಗಳನ್ನು ಕೂಡಿ ಮಾಡೋಣ ಅಂತ. ಅದರಿಂದ ಹುಟ್ಟಿದ ಜಿ310 ಜಿಎಸ್ ತಯಾರಾಗಿದ್ದು ಹೊಸೂರಿನಲ್ಲಿ. 2018ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂತು. 313 ಸಿಸಿ. 186 ಕಿಲೋದ ಅಜ್ಜನಿಗಿಂತ ಮೊಮ್ಮಗ ಹಗುರ. ಮೊಪೆಡ್ ಹುಟ್ಟಿದ ಊರಿನಲ್ಲೇ ಜಿಎಸ್ ಕೂಡ ಸಣ್ಣದಾಗಿ ಹುಟ್ಟಿತು.

ಈಗ ಮಧ್ಯಮ ಗಾತ್ರದ ಬೈಕುಗಳು ಹೆಚ್ಚುತ್ತಿವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 2016ರಲ್ಲಿ ಬಂತು. ಹೀರೋ ಎಕ್ಸ್‌ಪಲ್ಸ್ 200 2019ರಲ್ಲಿ ಬಂತು, ಅದು ಸುಮಾರು 154 ಕಿಲೋ. ನಮ್ಮ ಹಳ್ಳಿಯ ಹುಡುಗರೂ ಸಾಲ ಮಾಡಿ ಕೊಳ್ಳುತ್ತಿದ್ದಾರೆ. ಕೊಳ್ಳುವವರಿಗೆ ಒಂದೇ ಮಾತು: ಅಂಗಡಿಯಲ್ಲಿ ಗಾಡಿ ಮೇಲೆ ಕೂತು ನೋಡಬೇಡಿ, ಖಾಲಿ ಜಾಗದಲ್ಲಿ ಅದನ್ನು ಮಲಗಿಸಿ ಒಬ್ಬರೇ ಎತ್ತಿ ನೋಡಿ.

ಕೆಸರಿಗೆ ಇಳಿಯುವ ಮುಂಚೆ ಇನ್ನಷ್ಟು. ಭಾರದ ಸಾಮಾನು ಕೆಳಗೆ, ಹಗುರದ್ದು ಮೇಲೆ. ಎರಡೂ ಕಡೆ ತೂಕ ಸಮ. ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆ ಚೀಲ ಒಳ್ಳೆಯದು. ಕಾಲು ಕೊಟ್ಟು ಸಂಭಾಳಿಸುವಾಗ ಪೆಟ್ಟಿಗೆ ಕಾಲಿನ ಹಿಂದಿನಿಂದ ಬಂದು ಅಮುಕಿದರೆ ಮೂಳೆ ಮುರಿಯುತ್ತದೆ. ನೀರು ನಿಂತ ಕಡೆ ಮೊದಲು ನಡೆದು ನೋಡಿ. ಎರಡನೇ ಗೇರು, ಒಂದೇ ಹದದ ಎಕ್ಸಲೇಟರ್, ಮುಂದಿನ ಬ್ರೇಕಿಗೆ ಕೈ ಹಾಕಬೇಡಿ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಸಿಗುತ್ತದೆ, ಟಾರು ರಸ್ತೆಗೆ ಬಂದಾಗ ಮತ್ತೆ ತುಂಬಿಸಿ.

ದಾರಿ ಯಾರದು?

ಅವತ್ತು ಹೊರಡುವ ಮುಂಚೆ ಯಜಮಾನರ ಹತ್ತಿರ ಇನ್ನೊಂದು ಮಾತು ಕೇಳಿದ್ದೆವು, ಇಂಥ ಗಾಡಿಗಳು ಇಲ್ಲಿ ತುಂಬ ಬರ್ತವಾ ಅಂತ.

"ರಜಾ ಬಂದ್ರೆ ಹತ್ತು ಹದ್ನೈದು ಬರ್ತವೆ. ಬರ್ಲಿ, ನೋಡ್ಕಂಡ್ ಹೋಗ್ಲಿ. ಆದ್ರೆ ಅವ್ರು ಹೋದ್ಮೇಲೆ ಸೋಮ್ವಾರ ಬೆಳಗ್ಗೆ ಹಾಲ್ ತಗಂಡ್ ನಾನ್ ಇದೇ ದಾರೀಲಿ ಹೋಗ್ಬೇಕಲ್ಲ."

ನಾವು ದಾರಿಯನ್ನು ನೋಡಿದೆವು. ಭಾರದ ಗಾಡಿಗಳ ಚಕ್ರ ಗಿರಗಿರ ತಿರುಗಿ ಮೊಣಕಾಲುದ್ದದ ಗುಂಡಿ ಬಿದ್ದಿತ್ತು. ಅದರಲ್ಲಿ ನೀರು ನಿಂತಿತ್ತು. ಸಣ್ಣ ಚಕ್ರದ ಎಕ್ಸ್‌ಎಲ್ ಅದರೊಳಗೆ ಇಳಿದರೆ ಏಳುವುದಿಲ್ಲ. ಅದಕ್ಕೇ ಅವರು ಅಂಚಿನ ಹುಲ್ಲು ಹಿಡಿದು ಬಂದಿದ್ದರು. ಇನ್ನೆರಡು ವಾರ ಹೀಗೇ ಆದರೆ ಆ ಅಂಚೂ ಇರುವುದಿಲ್ಲ.

ಊರಿನ ದಾರಿಗೆ ಬೈಕು ತರುವವರಿಗೆ ನಮ್ಮ ವಿನಂತಿ ಇಷ್ಟೇ. ಮಳೆ ಹಿಡಿದಾಗ ಜನ ದಿನಾ ಓಡಾಡುವ ಮಣ್ಣಿನ ದಾರಿ ಬಿಟ್ಟುಬಿಡಿ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ಇಳಿಸಬೇಡಿ. ಗುಂಡಿ ಮಾಡಿದರೆ ಎರಡು ಕಲ್ಲು ಹಾಕಿ ಹೋಗಿ.

ಓದುಗರಲ್ಲಿ ಇನ್ನೊಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೇ ಟಿವಿಎಸ್ 50 ಇದ್ದರೆ, ಅಥವಾ ಜಾವಾ, ಯೆಜ್ದಿ ಮೇಲೆ ಅಡಿಕೆ ಮೂಟೆ ಹೊತ್ತ ಅಪ್ಪ, ಅಜ್ಜ, ಚಿಕ್ಕಪ್ಪ ಇದ್ದರೆ ಅವರನ್ನು ಕೂರಿಸಿ ಕೇಳಿ. ಯಾವ ಹಳ್ಳ ಹೇಗೆ ದಾಟುತ್ತಿದ್ದರು, ಟ್ಯೂಬಿನ ಪಟ್ಟಿಯಲ್ಲಿ ಮೂಟೆಯನ್ನು ಹೇಗೆ ಬಿಗಿಯುತ್ತಿದ್ದರು, ಎಲ್ಲಿ ಬಿದ್ದರು. ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಹಳೇ ಫೋಟೋ ಇದ್ದರೆ ಅದನ್ನೂ ಕಳಿಸಿ. ಹೇರು ಕಟ್ಟುವ ಬಗೆಗಳ ಮೇಲೆ ಮುಂದಿನ ಬರಹ ಮಾಡುವ ಆಸೆ ನಮಗಿದೆ.